ಮನೆ ನೋಡಲು ಸಮುದ್ರಕ್ಕೆ

ಮಾರ್ಚ್ 16, 2014, ರವಿವಾರ

ಬಿ.ಪಿ. ಇಳಿಯಬೇಕಾದರೆ ಸಿಟ್ಟು ಬಂದಾಗ ಕೂಗಬೇಡಿ, ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಮಸಾಲೆ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಂಗಡಿಯ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಇಷ್ಟು ದಿನ ಬರೆದಿಡುವಂಥ ಸಿಟ್ಟೇನೂ ಬಂದಿರಲಿಲ್ಲ. ಇವತ್ತು ಬಂದಿದೆ.

ಮಗಳು ಲೀಲಾ ಆಸ್ಟಿನ್ನಿನಿಂದ ಬಂದಿದ್ದಳು. ಊಟಕ್ಕೆ ಕೂತು, ಎರಡನೆಯ ರೊಟ್ಟಿ ಹಾಕಿಸಿಕೊಂಡು, ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದಳು: ಒಬ್ಬ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ, ಹೆಸರು ಕ್ಲೇ, ಲಿಯಾಂಡರಿನ ಒಂದು ಶಾಲೆಯಲ್ಲಿ ಗಣಿತದ ಮಾಸ್ತರ. ಇಂಥದ್ದೊಂದು ಬರುತ್ತದೆ ಎಂದು ನಾನು ತಯಾರಾಗಿಯೇ ಇದ್ದೆ. ಹೂಸ್ಟನ್ನಿನ ಹಿಲ್‌ಕ್ರಾಫ್ಟಿನಲ್ಲಿ ಇಷ್ಟು ವರ್ಷ ಕಿರಾಣಿ ಅಂಗಡಿ ನಡೆಸಿದವನಿಗೆ ಯಾರ ಮಕ್ಕಳು ಯಾರನ್ನು ಮದುವೆಯಾಗುತ್ತಾರೆಂಬುದು ಗೊತ್ತಾಗದೆ ಇರುವುದಿಲ್ಲ. ಮದುವೆಯ ಬೇಳೆ-ಬೆಲ್ಲವೆಲ್ಲ ನನ್ನಲ್ಲಿಂದಲೇ ಹೋಗುವುದು. ಮಾಸ್ತರಿಕೆ ಒಳ್ಳೆಯ ಕೆಲಸ. ಹೂಂ ಎನ್ನುವ ಮೊದಲು ಒಂದು ಮಾತು ಕೇಳಿದೆ.

"ಅವರಪ್ಪ ಏನ್ ಮಾಡ್ತಾನವಾ?"

"ಕ್ಯಾಪ್ಟನ್, ಅಪ್ಪಾ. ಫ್ರೀಪೋರ್ಟ್‌ನಲ್ಲಿ ಚಾರ್ಟರ್ ಬೋಟ್ ಇದೆ. ಟ್ಯೂನಾ ಫಿಶಿಂಗ್."

ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು. ಬಾಡಿಗೆ ಕೊಟ್ಟವರನ್ನು ದೋಣಿಯಲ್ಲಿ ಕೂರಿಸಿಕೊಂಡು ದಡವೇ ಕಾಣದಷ್ಟು ದೂರ ಹೋಗುತ್ತಾನಂತೆ. ಅಲ್ಲಿ ನೀರಿನ ಕೆಳಗೆ ಕಣಿವೆಗಳಿವೆಯಂತೆ. ಆ ಕಣಿವೆಯ ಮೇಲೆ ನಿಂತು ಆಳೆತ್ತರದ ಮೀನು ಹಿಡಿಸುತ್ತಾನಂತೆ. ಗದಗಿನ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ನನ್ನ ಅವ್ವನ ಹೆಸರಿಟ್ಟ ಲೀಲಾವತಿ, ಅವಳು ಮೀನಿನವನ ಮನೆಗೆ!

ನಾನು ಕೂಗಿದೆ. ಲೀಲಾ ಅಳಲಿಲ್ಲ, ತಿರುಗಿ ಕೂಗಲೂ ಇಲ್ಲ. ನೀನು ಹೂಂ ಅನ್ನದೆ ಈ ಮದುವೆ ಆಗುವುದಿಲ್ಲ, ಬೇರೆ ಯಾರನ್ನೂ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಮೂರನೆಯ ರೊಟ್ಟಿ ಕೇಳಿದಳು. ಈ ಹಟ ಥೇಟ್ ಅವ್ವನದು. ಬರೆದದ್ದಾಯಿತು. ಬಿ.ಪಿ. ಇಳಿದ ಹಾಗೆ ಅನ್ನಿಸುತ್ತಿಲ್ಲ.

ಮಾರ್ಚ್ 17, ಸೋಮವಾರ

ಇಳಿದಿಲ್ಲ.

ಮಾರ್ಚ್ 31, ಯುಗಾದಿ

ಸಂಜೆ ಲೀಲಾ ಆ ಹುಡುಗನನ್ನು ಫುಲ್‌ಶೀರಿನ ನಮ್ಮ ಮನೆಗೆ ಕರೆತಂದಳು. ಬೇವು-ಬೆಲ್ಲ ಕೊಡುವಾಗ ನಾನೇ ಕೈಯಾರೆ ಬೇವು ಹೆಚ್ಚು ಹಾಕಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಮುಖ ಹಿಂಡದೆ ನುಂಗಿ, "ಥ್ಯಾಂಕ್ಯೂ ಅಂಕಲ್" ಎಂದ. ನೆಲದ ಮೇಲೆ ಕಾಲು ಮಡಚಿ ಕೂತು ಕೈಯಿಂದಲೇ ಹೋಳಿಗೆ ತಿಂದ. ನನ್ನ ಹೆಂಡತಿ ಸುಮಿತ್ರಾ ಅವನ ತಾಟಿಗೆ ತುಪ್ಪ ಸುರಿದದ್ದೇ ಸುರಿದದ್ದು. ಹುಳುಕು ಹುಡುಕುತ್ತಾ ಕೂತ ನನಗೆ ಹುಳುಕು ಸಿಗಲಿಲ್ಲ, ತುಪ್ಪ ಖಾಲಿಯಾಯಿತು.

ಕಡೆಗೆ ನನ್ನ ಕೈಯಲ್ಲಿದ್ದ ದೊಡ್ಡ ಅಸ್ತ್ರ ತೆಗೆದೆ. "ನಮ್ಮ ಕಡೆ ಹುಡುಗನ ಮನಿ ನೋಡದ ಹೆಣ್ಣು ಕೊಡೂದಿಲ್ಲ," ಎಂದೆ. ಮನೆ ನೋಡುವುದೆಂದರೆ ಏನು ಎಂದು ಅವನಿಗೆ ವಿವರವಾಗಿ ಹೇಳಿದೆ. ಮನೆಯಲ್ಲಿ ನೀರಿನ ಅನುಕೂಲ ಹೇಗಿದೆ, ಅಡುಗೆಮನೆ ಸ್ವಚ್ಛವಿದೆಯೋ, ಹಿರಿಯರ ನಡೆ-ನುಡಿ ಹೇಗೆ, ಎಲ್ಲವನ್ನೂ ಹೆಣ್ಣಿನ ಕಡೆಯವರು ಕಣ್ಣಾರೆ ನೋಡಬೇಕು. ಮನೆ ನೋಡಲು ಹೋದವರಿಗೆ ಹುಳುಕು ಸಿಗದೆ ಇರುವುದಿಲ್ಲ. ಇದನ್ನು ಮಾತ್ರ ಹೇಳಲಿಲ್ಲ.

ಹುಡುಗ ಹೊರಗೆ ಹೋಗಿ ಅಪ್ಪನಿಗೆ ಫೋನು ಮಾಡಿ ಬಂದ. ಉತ್ತರ ಹೀಗೆ: ಮನೆಯೇನೋ ಇದೆ, ಆದರೆ ಅದರಲ್ಲಿ ನಾನಿರುವುದು ಬಟ್ಟೆ ಒಗೆಯಲು ಮಾತ್ರ. ನಾನು ಬದುಕುವ ಜಾಗ ನೋಡಬೇಕೆಂದರೆ ದೋಣಿಗೆ ಬನ್ನಿ.

ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಏಪ್ರಿಲ್ 20, ರವಿವಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ದೋಣಿ ಹತ್ತಿ ನೋಡು ಎಂದು ಯಾರೂ ಹೇಳಿಹೋಗಲಿಲ್ಲ.

ಮೀನಿನವನೇ ಇವತ್ತು ಫೋನು ಮಾಡಿದ್ದ. ಹಾರ್ಲನ್ ಅಂತ ಹೆಸರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವಂತೆ. ಅವನ ಇಂಗ್ಲಿಷು ಆಫೀಸಿನವರ ಇಂಗ್ಲಿಷಲ್ಲ, ಎಳೆದು ಎಳೆದು, ಒಂದೊಂದು ಮಾತಿಗೂ ಕೂತು ಎದ್ದು ಬರುವಂಥದು. ನಮ್ಮ ಗದಗಿನ ಕಡೆಯ ರೈತರು ಕಟ್ಟೆಯ ಮೇಲೆ ಮಾತಾಡುವುದು ಹೀಗೆಯೇ. ಆದ್ದರಿಂದ ಅವನ ಮಾತನ್ನು ಇಲ್ಲಿ ನಮ್ಮ ಭಾಷೆಯಲ್ಲೇ ಬರೆಯುತ್ತೇನೆ, ನನಗೆ ಕೇಳಿಸಿದ್ದೂ ಹಾಗೆಯೇ.

"ಜೂನ್ ಹದಿನಾಲ್ಕಕ್ಕ ಡಲ್ಲಾಸಿಂದ ಇಬ್ರು ಹಲ್ಲಿನ ಡಾಕ್ಟರು ಬರಾಕತ್ಯಾರ. ಜಾಗ ಐತಿ. ನೀವೂ ಬರ್ರಿ. ಊಟಕ್ಕ ಏನ್ ಮಾಡಿಸ್ಲಿ?"

ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯೂ ಇಲ್ಲ ಎಂದೆ.

"ಕಾಯಿಲೆ ಏನರ ಐತೇನ್ರಿ?" ಎಂದು ಬಹಳ ಮೆತ್ತಗೆ ಕೇಳಿದ.

ವಿಚಾರ ಮಾಡಿ ಹೇಳುತ್ತೇನೆಂದು ಇಟ್ಟೆ. ಸುಮಿತ್ರಾ ಬಾಗಿಲಲ್ಲಿ ನಿಂತಿದ್ದಳು. "ಏನ್ ವಿಚಾರ ಮಾಡ್ತೀರೋ ಆಷಾಢ ಬರೂದ್ರೊಳಗ ಮಾಡ್ರಿ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಹುಡುಗಿನ್ನ ನಡುನೀರಾಗ ಬಿಡಬ್ಯಾಡ್ರಿ," ಎಂದಳು. ನಡುನೀರಿಗೆ ಹೋಗಬೇಕಾದವನು ನಾನು ಎಂದು ಅವಳಿಗೆ ನೆನಪಿಲ್ಲ.

ಮೇ 18, ರವಿವಾರ

ಹೋಗುತ್ತೇನೆ ಎಂದು ಹೇಳಿದೆ. ಇಲ್ಲ ಎನ್ನಬೇಕಾದರೂ ನೋಡಿ ಬಂದು ಇಲ್ಲ ಎನ್ನಬೇಕು, ಅದು ಕ್ರಮ.

ಸುದ್ದಿ ನನಗಿಂತ ಮೊದಲು ಹೂಸ್ಟನ್ ಸುತ್ತಿದೆ. ಕನ್ನಡ ಸಂಘದ ಮೋಹನರಾಜ, ಮೈಸೂರಿನವನು, ಅವಲಕ್ಕಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದ. "ಏನ್ ಸಾರ್, ದಾನಪ್ಪನವರು ಟ್ಯೂನಾ ಹಿಡಿಯೋಕೆ ಹೊರಟಿದ್ದಾರಂತೆ! ಸಂಘದಲ್ಲಿ ಎಲ್ಲಾ ಅದೇ ಮಾತು."

"ಮೀನಲ್ಲ, ಮನಿ ನೋಡಾಕ ಹೊಂಟೀನಿ," ಎಂದೆ.

"ಅಲ್ಲಾ ಸಾರ್, ಮನೆ ನೋಡೋಕೆ ಲೈಫ್ ಜಾಕೆಟ್ ಹಾಕ್ಕೊಂಡು ಹೋಗೋರನ್ನ ನಾನು ಇದೇ ಫಸ್ಟ್ ಟೈಮ್ ನೋಡ್ತಿರೋದು."

ಅವಲಕ್ಕಿಯ ಜೊತೆ ಹಳೆಯ ಶೇಂಗಾ ಕಟ್ಟಿ ಕಳಿಸಿದೆ.

ಸಮುದ್ರದ ಹವಾಮಾನ ಹೇಳುವ ಆ್ಯಪ್ ಒಂದಿದೆ. ಇವತ್ತು ಅಲೆ ಮೂರರಿಂದ ಐದು ಅಡಿ. ಸುಮ್ಮನೆ ನೋಡಿದೆ.

ಜೂನ್ 13, ಶುಕ್ರವಾರ

ಸುಮಿತ್ರಾ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಣಗಿಸಿದ ಶುಂಠಿ ಕಟ್ಟಿದ್ದಾಳೆ. ಅದರ ಜೊತೆ ಬೇರೆಯೇ ಒಂದು ಚೀಲ. ಒಳಗೆ ತೆಂಗಿನಕಾಯಿ, ಎಲೆ-ಅಡಿಕೆ, ಕುಂಕುಮದ ಭರಣಿ, ಸಕ್ಕರೆಯ ಪೊಟ್ಟಣ, ಅಂಗಡಿಯಲ್ಲಿ ನಾನೇ ಆರಿಸಿ ತೆಗೆದ ಒಂದು ಡಜನ್ ಬಾಳೆಹಣ್ಣು.

"ಬೀಗರ ಮನಿಗೆ ಬರಿಗೈಲೆ ಹೊಕ್ಕಾರೇನು?"

"ಇನ್ನೂ ಬೀಗರಲ್ಲ."

"ಯಾರ ಮನಿಗಾದ್ರೂ ಅಷ್ಟ. ಹೊಸ್ತಿಲ ದಾಟಿದ ಕೂಡ್ಲೆ ಹಣ್ಣು-ಕಾಯಿ ಕೈಗೆ ಕೊಡ್ರಿ. ಮರೀಬ್ಯಾಡ್ರಿ."

ಸಕ್ಕರೆ ಏತಕ್ಕೆ ಎಂದು ಕೇಳಿದೆ. ಸಕ್ಕರೆ ಬಾಯಿಗೆ ಹಾಕಿದರೆ ಸಂಬಂಧ ಗಟ್ಟಿಯಾದ ಹಾಗೆ. ಇರಲಿ ಬಿಡಿ ಎಂದಳು. ಅವಳು ಇರಲಿ ಬಿಡಿ ಎಂದಾಗಲೆಲ್ಲ ನಾನು ಸೋತಿದ್ದೇನೆ.

ಜೂನ್ 14, ಶನಿವಾರ, ಫ್ರೀಪೋರ್ಟ್

ಇಲ್ಲಿ ಕೂತು ನಾಲ್ಕು ಸಾಲು ಬರೆಯುತ್ತೇನೆ, ಬಿ.ಪಿ.ಗೆ. ದೋಣಿ ನಾನು ತಿಳಿದಷ್ಟು ದೊಡ್ಡದಿಲ್ಲ. ಹೆಸರು ಮಿಸ್ ಲೊರೇನ್. ತೀರಿಕೊಂಡ ಹೆಂಡತಿಯ ಹೆಸರಂತೆ. ಹಾರ್ಲನ್ ಆರಡಿ ಎತ್ತರದ ಮನುಷ್ಯ, ಬಿಸಿಲಿಗೆ ಸುಟ್ಟು ನಮ್ಮ ಬಣ್ಣಕ್ಕೇ ಬಂದಿದ್ದಾನೆ. ಕೈ ಕುಲುಕಿದ. ಇನ್ನೂ ನೋಯುತ್ತಿದೆ. ದಂತವೈದ್ಯರು ಇಬ್ಬರೂ ಹೊಸ ಟೊಪ್ಪಿ ಹಾಕಿಕೊಂಡು ಬಂದು, ನನ್ನನ್ನೂ ನನ್ನ ಎರಡು ಚೀಲಗಳನ್ನೂ ನೋಡಿದರು. ಕ್ಲೇ ಅಪ್ಪನಿಗೆ ಸಹಾಯಕ್ಕೆಂದು ಬಂದಿದ್ದಾನೆ. ಕರೆಯುತ್ತಿದ್ದಾರೆ.

ಜೂನ್ 15, ರವಿವಾರ

ಬರೆಯಲಾರೆ. ಡೈರಿಯೂ ತೂಗುತ್ತಿದೆ, ನಾನೂ.

ಜೂನ್ 16, ಸೋಮವಾರ

ಬೆಳಗ್ಗೆ ಮನೆಗೆ ಬಂದು, ಮಲಗಿ, ಎದ್ದು ಬರೆಯುತ್ತಿದ್ದೇನೆ. ಕುರ್ಚಿ ಇನ್ನೂ ಅಲುಗಾಡುತ್ತಿದೆ. ಸುಮಿತ್ರಾ ಇಲ್ಲ ಎನ್ನುತ್ತಾಳೆ. ಅವಳು ಸಮುದ್ರಕ್ಕೆ ಹೋಗಿಲ್ಲ.

ಶನಿವಾರ ಸಂಜೆ ದೋಣಿಯೊಳಗೆ ಕಾಲಿಟ್ಟೊಡನೆ ಹಣ್ಣು-ಕಾಯಿ ಕೊಡಬೇಕೆಂದು ಚೀಲಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಎಂಜಿನ್ ಶುರುವಾಯಿತು, ದಡ ಹಿಂದಕ್ಕೆ ಹೋಯಿತು, ನನ್ನ ಹೊಟ್ಟೆ ಮುಂದಕ್ಕೆ ಬಂತು. ಚೀಲ ಮಲಗುವ ಹಲಗೆಯ ಕೆಳಗೆ ಉಳಿಯಿತು. ಆಮೇಲಿನದನ್ನು ವಿವರಿಸುವುದಿಲ್ಲ. ಸುಮಿತ್ರಾಳ ಶುಂಠಿ ಸಮುದ್ರಕ್ಕೆ, ನನ್ನ ಮಾನ ದಂತವೈದ್ಯರ ಬಾಯಿಗೆ ಹೋಯಿತು ಎಂದಷ್ಟೇ ಬರೆಯುತ್ತೇನೆ. ಕ್ಲೇ ನನ್ನ ಪಕ್ಕದಲ್ಲೇ ಕೂತು ಹಣೆ ಹಿಡಿದುಕೊಂಡಿದ್ದ. ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಹೇಗಿದ್ದೀರಿ, ಹೇಗಿದ್ದೀರಿ ಎಂದು ತಲೆ ತಿನ್ನಲಿಲ್ಲ. ನನಗೆ ಮಗನಿದ್ದರೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ.

ಬೆಳಗಾದಾಗ ಸಮುದ್ರ ಸುಮ್ಮನಾಗಿತ್ತು, ಹೊಟ್ಟೆಯೂ. ಸುತ್ತ ಎಲ್ಲಿ ನೋಡಿದರೂ ಶಾಯಿಯಂಥ ನೀರು. ದೂರದಲ್ಲಿ ನೀರಿನ ಮೇಲೆ ತೇಲುವ ಒಂದು ಎಣ್ಣೆ ಬಾವಿಯ ಕಟ್ಟಡ, ಮತ್ತೇನೂ ಇಲ್ಲ. ಹಾರ್ಲನ್ ಮೇಲಕ್ಕೆ ಕರೆದು ಪರದೆಯ ಮೇಲೆ ನಕಾಶೆ ತೋರಿಸಿದ. ನೆಲ ಇಲ್ಲಿಯವರೆಗೆ ಸಾವಕಾಶ ಇಳಿಯುತ್ತ ಬಂದು, ಇಲ್ಲಿ ಒಮ್ಮೆಲೇ ಬೀಳುತ್ತದೆ. ಅದೇ ಕಣಿವೆ. ಆಳದ ತಣ್ಣೀರು ಗೋಡೆಗೆ ಬಡಿದು ಮೇಲೆ ಬರುತ್ತದೆ, ಅದರ ಜೊತೆ ಸಣ್ಣ ಮೀನು, ಸಣ್ಣದರ ಹಿಂದೆ ದೊಡ್ಡದು.

"ಈಗ ನಿಮ್ಮ ಕಾಲ ಕೆಳಗ ಅರ್ಧ ಮೈಲಿಗಿಂತ ಜಾಸ್ತಿ ನೀರೈತ್ರಿ," ಎಂದ.

ನಾನು ಕಂಬಿ ಹಿಡಿದುಕೊಂಡೆ. ಗದಗಿನಲ್ಲಿ ಹೆಣ್ಣು ಕೊಡುವ ಮೊದಲು ನೋಡುವುದೇ ನೀರು. ನನ್ನ ಅವ್ವ ಮದುವೆಯಾಗಿ ಬಂದ ಮನೆಯಿಂದ ಬಾವಿ ಎರಡು ಹೊಲದಾಚೆ ಇತ್ತು, ಸಾಯುವವರೆಗೂ ಅವಳು ತನ್ನ ಅಪ್ಪನನ್ನು ಬೈದಳು. ಆ ಒಂದು ಹುಳುಕು ಇಲ್ಲಿ ತೆಗೆಯುವ ಹಾಗಿಲ್ಲ.

ಕೆಳಗಿಳಿದು ಕ್ರಮವಾಗಿ ಮನೆ ನೋಡಿದೆ. ಅಡುಗೆಯ ಕಟ್ಟೆ ಎರಡು ಮೊಳ, ಆದರೆ ಒರೆಸಿ ಕನ್ನಡಿಯಾಗಿತ್ತು. ಹಗ್ಗಗಳನ್ನೆಲ್ಲ ಸುರುಳಿ ಸುತ್ತಿ ಗೋಡೆಗೆ ತೂಗುಹಾಕಿದ್ದರು. ಮೂಗು ಹಿಡಿಯಬೇಕಾದೀತು ಎಂದು ಕರವಸ್ತ್ರಕ್ಕೆ ಅತ್ತರು ಹಚ್ಚಿಕೊಂಡು ಹೋಗಿದ್ದೆ. ಅಲ್ಲಿ ನಾತ ಬರುತ್ತಿದ್ದದ್ದು ನನ್ನ ಕರವಸ್ತ್ರ ಒಂದೇ. ಕಿಟಕಿಯ ಹತ್ತಿರ ಲೊರೇನ್ ಎಂಬವಳ ಫೋಟೋ, ಅದರ ಮುಂದೆ ಒಂದು ಸಣ್ಣ ಶಂಖ. ದಿನಾ ಬೆಳಗ್ಗೆ ಹಾರ್ಲನ್ ಮೊದಲ ಕಾಫಿಯನ್ನು ಅದರ ಮುಂದೆ ನಿಂತು ಕುಡಿಯುತ್ತಾನೆ ಎಂದು ಕ್ಲೇ ಹೇಳಿದ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆದರೆ ಮೀನು ಬರಲಿಲ್ಲ. ಹೊತ್ತು ಏರಿತು, ಕಟ್ಟಡದ ಈ ಬದಿ ಆಯಿತು, ಆ ಬದಿ ಆಯಿತು, ಗಾಳದ ಕೋಲುಗಳು ಸುಮ್ಮನೆ ನಿಂತವು. ದಂತವೈದ್ಯರು ಗೊಣಗತೊಡಗಿದರು. ಈ ತಿಂಗಳಲ್ಲಿ ಈ ಜಾಗದಲ್ಲಿ ತಾನು ಬರಿಗೈಯಲ್ಲಿ ಹೋದದ್ದಿಲ್ಲ ಎಂದು ಹಾರ್ಲನ್ ಯಾರಿಗೂ ಅಲ್ಲದೆ ನೀರಿಗೆ ಹೇಳಿದ. ಅವನ ಮುಖ ನೋಡಲಾಗಲಿಲ್ಲ. ಗಿರಾಕಿ ಬೈಯುತ್ತ ನಿಂತಾಗ ಅಂಗಡಿಯವನಿಗೆ ಏನಾಗುತ್ತದೆ ಎಂಬುದು ನನಗೆ ಗೊತ್ತು.

ಆಗ ನನಗೆ ಹೊಳೆಯಿತು. ಮೀನು ಬರುವುದು ಹೇಗೆ? ಮನೆಗೆ ಬಂದ ನೆಂಟ ಹಣ್ಣು-ಕಾಯಿಯನ್ನೇ ಕೊಟ್ಟಿಲ್ಲ! ತಪ್ಪು ನನ್ನದೇ. ಮುಖ ತೊಳೆದೆ, ವಿಭೂತಿ ಹಚ್ಚಿದೆ, ಸ್ಟೀಲಿನ ತಾಟಿನಲ್ಲಿ ಎಲೆ-ಅಡಿಕೆ, ಕಾಯಿ, ಕುಂಕುಮ, ಸಕ್ಕರೆ ಇಟ್ಟು, ನಡುವೆ ಒಂದು ಡಜನ್ ಬಾಳೆಹಣ್ಣು ಜೋಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.

ಒಬ್ಬ ದಂತವೈದ್ಯನ ಕೈಯಿಂದ ಬಿಯರ್ ಡಬ್ಬಿ ಕೆಳಗೆ ಬಿತ್ತು. ಕ್ಲೇ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಹಾರ್ಲನ್ ಕಾಯಿ ನೋಡಲಿಲ್ಲ, ಕುಂಕುಮ ನೋಡಲಿಲ್ಲ. ಬಾಳೆಹಣ್ಣನ್ನೇ ನೋಡುತ್ತಿದ್ದ.

"ರಾತ್ರಿಯಿಂದ ಇವು ದೋಣಿಯಲ್ಲೇ ಇದ್ದವಾ?" ಎಂದು ಡಾಕ್ಟರ ಕಿರುಚಿದ.

ಕ್ಲೇ ನನ್ನ ಕಿವಿಯಲ್ಲಿ ಹೇಳಿದ. ದೋಣಿಗೆ ಬಾಳೆಹಣ್ಣು ತರಬಾರದು. ತಂದರೆ ಮೀನು ಬರುವುದಿಲ್ಲ, ಎಂಜಿನ್ ಕೆಡುತ್ತದೆ, ಕೆಲವು ಸಲ ದೋಣಿಯೇ ತಿರುಗಿ ಬರುವುದಿಲ್ಲ. ಮೀನುಗಾರರಲ್ಲಿ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ. ಹೇಳುವುದಕ್ಕೇ ಮರೆತೆ ಅಂಕಲ್, ಇದನ್ನು ಹೇಳಬೇಕಾಗುತ್ತದೆ ಅಂತಲೇ ಹೊಳೆಯಲಿಲ್ಲ ಎಂದ. ಪಾಪ, ಅಳುವ ಹಾಗಾಗಿದ್ದ.

ಡಾಕ್ಟರ ಹಣ್ಣು ಕಸಿದು ಎಸೆಯಲು ಕೈ ಚಾಚಿದ. ಹಾರ್ಲನ್ ನಡುವೆ ಬಂದು ನಿಂತ.

"ಕೈ ಹಿಂದಕ್ಕ ತಗೋರಿ. ಅದು ನಮ್ಮ ಮನಿಗೆ ಬಂದಾವರು ತಂದಿದ್ದು."

ಹೇಳಿ ತಾಟನ್ನು ತಾನೇ ತೆಗೆದುಕೊಂಡ. ತೆಗೆದುಕೊಂಡ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತ. ಬಿಸಿಲಿಗೆ ಸುಟ್ಟ ಮುಖ ಬಿಳಿಚಿತ್ತು, ತಾಟನ್ನು ಮಾತ್ರ ಕೆಳಗಿಡಲಿಲ್ಲ.

ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಹುಳುಕು ತಾಟಿನಲ್ಲೇ ಇತ್ತು. ಹಣ್ಣು-ಕಾಯಿ ತಿರಸ್ಕರಿಸಿದರೆ ಸಂಬಂಧ ತಿರಸ್ಕರಿಸಿದ ಹಾಗೆ. ಇಲ್ಲಿಗೆ ಮುಗಿಯಿತು ಎಂದು ಒಂದು ಮಾತು ಆಡಿದರೆ ಸಾಕಿತ್ತು, ಲೀಲಾ ಕೂಡ ಏನೂ ಅನ್ನುವ ಹಾಗಿರಲಿಲ್ಲ. ಬಾಯಿ ತೆರೆದೆ. ಆದರೆ ಆ ಮುಖ ನನಗೆ ಪರಿಚಯದ್ದು. ಪ್ರತಿ ಶನಿವಾರ ನಾನು ಅಂಗಡಿಯ ಬಾಗಿಲಿಗೆ ನಿಂಬೆ-ಮೆಣಸಿನಕಾಯಿ ಕಟ್ಟುತ್ತೇನೆ. ಒಮ್ಮೆ ಯಾರದೋ ಮಗು ಅದನ್ನು ಕಿತ್ತು ಚೆಂಡಾಟ ಆಡಿತು. ಇರಲಿ ಬಿಡಿ, ಮಗು ಎಂದು ನಕ್ಕೆ. ನಕ್ಕು, ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ, ಹೊಸದು ಕಟ್ಟುವವರೆಗೆ ಗಲ್ಲಾಕ್ಕೆ ಬರಲಿಲ್ಲ. ಆಗ ನನ್ನ ಮುಖ ಹೀಗೆಯೇ ಇದ್ದಿರಬೇಕು.

"ತಾಟು ಈ ಕಡೆ ಕೊಡ್ರಿ ಬೀಗ್ರ," ಎಂದೆ. "ಇದು ನಿಮಗ ತಂದಿದ್ದಲ್ಲ. ಗಂಗವ್ವಗ ತಂದಿದ್ದು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ.

ಊರಲ್ಲಿ ಕೆರೆ ತುಂಬಿದಾಗ ಬಾಗಿನ ಬಿಡುವ ಹಾಗೆ, ಹಣ್ಣಿಗೆ ಕುಂಕುಮ ಹಚ್ಚಿ ಒಂದೊಂದಾಗಿ ನೀರಿಗೆ ಬಿಟ್ಟೆ. ಅವ್ವಾ ತಾಯೀ, ಈ ದೋಣಿಯವರನ್ನು ಹೋದ ಹಾಗೆಯೇ ತಿರುಗಿ ಮನೆಗೆ ಮುಟ್ಟಿಸು ಎಂದೆ. ಬೀಗರು ಟೊಪ್ಪಿ ತೆಗೆದು ಎದೆಗೆ ಹಿಡಿದು ನಿಂತರು. ಕಾಯಿಯನ್ನು ದೋಣಿಯ ಮೂತಿಗೆ ಒಡೆದೆ. ಕೊನೆಯ ಹಣ್ಣು ಹೋದಾಗ ಅವರು ಬಿಟ್ಟ ಉಸಿರು ಎಂಜಿನ್ನಿಗಿಂತ ಜೋರಾಗಿತ್ತು.

ಕೂಡಲೇ ಪವಾಡ ಆಯಿತು ಎಂದು ಬರೆಯುವ ಆಸೆ ಇದೆ. ಆಗಲಿಲ್ಲ. ಅರ್ಧ ತಾಸು ಏನೂ ಇಲ್ಲ. ಆಮೇಲೆ ಎಲ್ಲಿಂದಲೋ ಹಕ್ಕಿಗಳು ಬಂದವು, ನೀರು ಕುದಿಯತೊಡಗಿತು, ಮೂರು ರೀಲುಗಳು ಒಮ್ಮೆಲೇ ಕಿರುಚಿದವು. ಒಂದು ಕೋಲು ಒಬ್ಬ ಡಾಕ್ಟರನಿಗೆ, ಇನ್ನೊಂದು ಇನ್ನೊಬ್ಬನಿಗೆ. ಕ್ಲೇ ಚುಕ್ಕಾಣಿಯಲ್ಲಿದ್ದ, ಬೀಗರು ಕೊಕ್ಕೆ ಹಿಡಿದು ಇಬ್ಬರು ಡಾಕ್ಟರುಗಳ ನಡುವೆ ಓಡಾಡುತ್ತಿದ್ದರು. ಮೂರನೆಯದಕ್ಕೆ ಕೈಯಿಲ್ಲ.

"ಹಿಡೀರಿ ಅದನ್ನ, ಹಿಡೀರಿ!" ಎಂದು ಬೀಗರು ಕೂಗಿದರು.

ಹಿಡಿದೆ. ಹಿಡಿದ ಮೇಲೆ ನೆನಪಾಯಿತು ನಾನು ಲಿಂಗವಂತನೆಂದು.

ಅದು ಎಳೆಯಿತು, ನಾನು ಎಳೆದೆ. ಸೊಂಟ ಹೋಯಿತು, ತೋಳು ಹೋದವು. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ಬೈಗಳೆಲ್ಲ ಇಷ್ಟು ವರ್ಷಗಳ ಮೇಲೆ ಬಾಯಿಗೆ ಬಂದವು, ಒಂದೂ ಮರೆತಿರಲಿಲ್ಲ. ಬಹಳ ಹೊತ್ತಿನ ಮೇಲೆ ದೋಣಿಯ ಪಕ್ಕದಲ್ಲಿ ಅದು ಕಂಡಿತು. ಬೆನ್ನು ಕಡುನೀಲಿ, ಪಕ್ಕೆ ಬೆಳ್ಳಿ, ರೆಕ್ಕೆಗಳು ಅರಿಶಿಣ ಹಚ್ಚಿದ ಹಾಗೆ ಹಳದಿ. ಮದುಮಗಳಿಗೆ ಅರಿಶಿಣ ಹಚ್ಚಿ ಕೂರಿಸಿದ್ದೇ ಕಣ್ಣಿಗೆ ಬಂತು. ಅಷ್ಟೇ. ಕೈ ಸಡಿಲಾಯಿತು. ದಾರ ಜೋಲು ಬಿತ್ತು, ಗಾಳ ಕಳಚಿತು, ಅದು ಒಮ್ಮೆ ಹೊರಳಿ ಕಣಿವೆಗೆ ಇಳಿದುಹೋಯಿತು.

ಒಂದು ಜೀವ ಉಳಿಯಿತಲ್ಲ ಎಂದು ಸಂತೋಷ ಪಡಬೇಕಿತ್ತು. ಬಾಯಿಯಿಂದ ಬಂದದ್ದು ಮಾತ್ರ ಬೇರೆ. ಡೈರಿಯಲ್ಲಿಯೂ ಬರೆಯುವಂಥದ್ದಲ್ಲ.

"ಬೇಕಂತ ಬಿಟ್ರೇನು?" ಎಂದು ಬೀಗರು ಕೇಳಿದರು.

"ಇಲ್ಲ," ಎಂದೆ. ಸುಳ್ಳಲ್ಲ. ಪೂರ್ತಿ ಖರೆಯೂ ಅಲ್ಲ.

ಡಾಕ್ಟರುಗಳಿಗೆ ಒಂದೊಂದು ಸಿಕ್ಕಿತು. ಹಲ್ಲು ಕಾಣುವ ಹಾಗೆ ಫೋಟೋ ತೆಗೆಸಿಕೊಂಡರು. ತಿರುಗಿ ಬರುವಾಗ ಬೀಗರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ನಾಲ್ಕು ರೊಟ್ಟಿ ತಿಂದರು. ಆಮೇಲೆ ಸಮುದ್ರ ನೋಡುತ್ತ ಹೇಳಿದರು, "ನಾ ಆ ಬಾಳೆಹಣ್ಣಿನ ಮಾತು ನಂಬೂದಿಲ್ರಿ. ಆದ್ರ ಇಷ್ಟು ವರ್ಷ ಹೋದಾಂವ ಹೋದಂಗ ತಿರುಗಿ ಬಂದೀನಿ. ಈಗ ಏನಂತ ಬದಲ್ ಮಾಡ್ಲಿ?"

ನಿಂಬೆ-ಮೆಣಸಿನಕಾಯಿ ನಾನೂ ನಂಬುವುದಿಲ್ಲ, ಕಟ್ಟುವುದನ್ನೂ ಬಿಟ್ಟಿಲ್ಲ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಒಂದು ಮಾತು ಕೇಳಿದರು, ಅದು ಮನಸ್ಸಿಗೆ ನಾಟಿದೆ.

"ಯಾರ ಮನಿಗಿ ಹೋದ್ರೂ ನಾ ಮೀನು ಒಯ್ತೀನಿ. ನನ್ನ ಹತ್ರ ಇರೂದು ಅದೊಂದ. ನಿಮ್ಮ ಮನಿಗಿ ಏನ್ ತರ್ಲಿ?"

"ಏನೂ ಬ್ಯಾಡ್ರಿ. ನೀವು ಬಂದ್ರ ಸಾಕು," ಎಂದೆ. ಅವರು ತಲೆ ಅಲ್ಲಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ.

ಮನೆಯಲ್ಲಿ ಸುಮಿತ್ರಾ ಬಾಗಿಲಲ್ಲೇ ಕೇಳಿದಳು. "ಮನಿ ಹ್ಯಾಂಗೈತ್ರಿ?"

"ಸಣ್ಣದು. ಸ್ವಚ್ಛ ಐತಿ. ನೀರಿಗೆ ಕೊರತಿ ಇಲ್ಲ."

"ಮನಷ್ಯಾರು?"

"ಬೀಗರು ಛಲೋ ಅದಾರ. ಏನರ ತಿನ್ನಾಕ ಕೊಡು, ಹಸಿವ್ಯಾಗೇತಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಿನ್ನಲು ಕೊಡುವುದು ಬಿಟ್ಟು ಲೀಲಾಗೆ ಫೋನು ಮಾಡಲು ಓಡಿದಳು. ಅಷ್ಟು ಗಡಿಬಿಡಿ ಏಕೋ ತಿಳಿಯಲಿಲ್ಲ. ನಾನಿನ್ನೂ ಹೂಂ ಎಂದೇ ಹೇಳಿರಲಿಲ್ಲ.

ಜೂನ್ 18, ಬುಧವಾರ

ರವಿವಾರ ಮದುವೆ ಗಟ್ಟಿಮಾಡುವ ಸಕ್ಕರಿ ಕಾರ್ಯ ಎಂದು ಗೊತ್ತಾಗಿದೆಯಂತೆ. ನನಗೆ ಮೋಹನರಾಜ ಹೇಳಿದ. ಅವನಿಗೆ ಈ ಸಲ ಒಳ್ಳೆಯ ಶೇಂಗಾ ಕೊಟ್ಟೆ.

ಬೀಗರು ಇವತ್ತು ಮತ್ತೆ ಯಾರನ್ನೋ ಕರೆದುಕೊಂಡು ಕಣಿವೆಗೆ ಹೋಗಿದ್ದಾರೆ. ಅಲೆ ನಾಲ್ಕು ಅಡಿ ತೋರಿಸುತ್ತಿದೆ. ಮಧ್ಯಾಹ್ನ ಐದಾಯಿತು. ಸುಮ್ಮನೆ ನೋಡುತ್ತಿದ್ದೇನೆ.

ಜೂನ್ 19, ಗುರುವಾರ

ದಡ ಮುಟ್ಟಿದರಂತೆ. ಕ್ಲೇಗೆ ನಾನೇ ಫೋನು ಮಾಡಿ ಕೇಳಿದೆ, ಬೇರೆ ಏನೋ ವಿಷಯಕ್ಕೆ ಮಾಡಿದ ಹಾಗೆ.

ಜೂನ್ 21, ಶನಿವಾರ

ಸುಮಿತ್ರಾ ಮತ್ತು ನನಗೆ ಜಗಳ. ಸಕ್ಕರಿ ಕಾರ್ಯಕ್ಕೆ ಮನೆಯೊಳಗೆ ಒಂದೂ ಬಾಳೆಹಣ್ಣು ಇರಕೂಡದು ಎಂದೆ.

"ಬಾಳಿಹಣ್ಣಿಲ್ದ ಸಕ್ಕರಿ ಕಾರ್ಯ ಎಲ್ಲೆರ ನೋಡೀರೇನು? ನಾಕು ಮಂದಿ ಏನಂತಾರ?"

"ನಾಕು ಮಂದಿ ನನ್ನ ಬೀಗರಲ್ಲ. ಅವರು ಮನ್ಯಾಗ ಕೂತಷ್ಟು ಹೊತ್ತು ಆರಾಮ ಇರಬೇಕು."

ಸೇಬು, ದ್ರಾಕ್ಷಿ, ಮಾವು ತಂದಿದ್ದೇನೆ. ಅವಳು ಮಾತು ಬಿಟ್ಟಿದ್ದಾಳೆ. ಈ ಸಲ ಇರಲಿ ಬಿಡಿ ಎನ್ನಲಿಲ್ಲ, ಗೆದ್ದೆ ಎಂದುಕೊಳ್ಳುತ್ತೇನೆ.

ಜೂನ್ 22, ರವಿವಾರ

ಗೆದ್ದಿರಲಿಲ್ಲ.

ಮನೆ ತುಂಬ ಜನ. ಲೀಲಾ ನನ್ನ ಅವ್ವನ ಇಳಕಲ್ ಸೀರೆ ಉಟ್ಟಿದ್ದಳು. ನನಗೆ ಅವಳನ್ನು ನೇರವಾಗಿ ನೋಡಲಾಗಲಿಲ್ಲ, ಕಣ್ಣಿಗೆ ನೀರು ಬರುತ್ತಿತ್ತು. ಆದ್ದರಿಂದ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ. ಬೀಗರ ಪಿಕಪ್ ಬಂತು, ಅರ್ಧ ವೇಗದಲ್ಲಿ, ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುತ್ತಿದ್ದವು. ಮಡಿಕೆ ಮುರಿಯದ ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದರು. ಪಕ್ಕದಲ್ಲಿ ಕ್ಲೇ ನಗು ತಡೆದುಕೊಂಡು ಕೆಂಪಗಾಗಿದ್ದ.

ಗಾಡಿಯ ಹಿಂದಿನ ತೆರೆದ ಭಾಗದಲ್ಲಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದು, ಎಲ್ಲಿ ಎದ್ದು ಓಡಿಹೋದೀತೋ ಎಂಬ ಹಾಗೆ ಕಟ್ಟಿಹಾಕಿದ್ದರು, ಒಂದು ಇಡೀ ಬಾಳೆಗೊನೆ.

ಬೀಗರು ಟ್ಯೂನಾ ಎತ್ತುವ ಕೈಗವಸು ಹಾಕಿಕೊಂಡು ಅದನ್ನು ಬಿಚ್ಚಿದರು. ಮೈಗೆ ತಾಗದ ಹಾಗೆ ಎರಡೂ ಕೈ ಉದ್ದ ಚಾಚಿ ಹಿಡಿದು ಮೆಟ್ಟಿಲು ಹತ್ತಿದರು. ಮುಖ ಆ ದಿನ ದೋಣಿಯ ಮೇಲೆ ಇದ್ದ ಹಾಗೆಯೇ ಬಿಳಿಚಿತ್ತು. ನನ್ನ ಮುಂದೆ ನಿಂತು ಹೇಳಿದರು.

"ನಮ್ಮ ಊರಾಗ ಒಬ್ಬಾಂವ ಹಿತ್ತಲದಾಗ ಬೆಳೀತಾನ್ರಿ. ನಿಮ್ಮಲ್ಲಿ ಬರಿಗೈಲೆ ಬರಂಗಿಲ್ಲಂತ. ನೀವು ನಮ್ಮ ಮನಿಗಿ ತಂದಿದ್ದನ್ನ ನಾ ಇಟ್ಕೊಳ್ಳಲಿಲ್ಲ. ಅದು ನನ್ನ ಮನಸ್ಸಿನ್ಯಾಗ ಉಳದೈತಿ."

ಗೊನೆ ಇಸಿದುಕೊಂಡೆ. ಇದ್ದಬದ್ದ ಭಾರವೆಲ್ಲ ನನ್ನ ತೋಳಿಗೆ ಬಂತು, ಮೀನು ಎಳೆದ ನೋವು ಇನ್ನೂ ಹೋಗಿರಲಿಲ್ಲ. ಹಿಂದಿನಿಂದ ಸುಮಿತ್ರಾ, "ಈಗೇನಂತೀರಿ?" ಎಂದಳು. ಗೊನೆ ಕೆಳಗಿಳಿಸಿದೆ. ಸಕ್ಕರೆಯ ಬಟ್ಟಲು ಅವಳ ಕೈಯಲ್ಲೇ ಇತ್ತು, ಒಂದು ಚಿಟಿಕೆ ತೆಗೆದು ಹೊಸ್ತಿಲ ಮೇಲೆಯೇ ಬೀಗರ ಬಾಯಿಗೆ ಹಾಕಿದೆ. ಕಾರ್ಯದ ಕ್ರಮವೆಲ್ಲ ತಿರುವುಮುರುವಾಯಿತು ಎಂದು ಹಿರಿಯರು ಗೊಣಗಿದರು. ಗೊಣಗಲಿ.

ಊಟದ ಹೊತ್ತಿಗೆ ಅವರು ಕೈಗವಸು ತೆಗೆದು, ಗೊನೆಯಿಂದ ಒಂದು ಹಣ್ಣು ತಾವೇ ಕಿತ್ತುಕೊಂಡರು. ಸುಲಿದರು. ಬಾಯಿಯ ಹತ್ತಿರ ಒಯ್ದು ನಿಲ್ಲಿಸಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಇದು ಮನಿ. ದೋಣಿ ಅಲ್ಲ. ಹೌದಲ್ರಿ?"

"ಮನೀರಿ," ಎಂದೆ. "ನಿಮ್ಮ ಮನಿ."

ಕಣ್ಣು ಮುಚ್ಚಿ ಪೂರ್ತಿ ತಿಂದರು.

ಹೋಗುವ ಮೊದಲು ಹಿತ್ತಲ ನಳದಲ್ಲಿ ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದುಕೊಂಡರು, ಬಾಯಿಯನ್ನೂ ಮುಕ್ಕಳಿಸಿದರು. ನಾಳೆ ಮತ್ತೆ ಕಣಿವೆಗೆ ಹೋಗಬೇಕಂತೆ. ಅಲೆ ಎರಡೇ ಅಡಿ. ನೋಡಿದ್ದೇನೆ.